ಗೌರಿಯ ಕೆಚ್ಚಲು ಮತ್ತು ಗಾಂಧಿ ಚೌಕದ ಅಯೋಡಿನ್ ಪುಡಿ

ನಮ್ಮ ಮನೆಯ ಮಾಡದಲ್ಲಿ ಒಂದು ಬಿಳಿ ಡಬ್ಬಿ ಇದೆ. ಅದರ ಮೇಲೆ ಮೈದುಂಬಿದ ಆಕಳೊಂದರ ಚಿತ್ರ, ಕೆಳಗೆ ಕೆಂಪು ಅಕ್ಷರದಲ್ಲಿ ‘ಅಯೋಡಿನ್ ಭರಿತ, ಕೆಚ್ಚಲಿನ ಆರೋಗ್ಯಕ್ಕೆ’ ಎಂಬ ಬರಹ. ಒಂದು ಕೆ.ಜಿ.ಯ ಡಬ್ಬಿ, ಕೊಟ್ಟದ್ದು 480 ರೂಪಾಯಿ. ಮುಕ್ಕಾಲು ಪಾಲು ಪುಡಿ ಇನ್ನೂ ಹಾಗೇ ಉಳಿದಿದೆ. ಎಸೆಯಲು ಅವ್ವನಿಗೆ ಮನಸ್ಸಿಲ್ಲ, ಆಕಳಿಗೆ ಹಾಕಲು ನನಗೆ ಮನಸ್ಸಿಲ್ಲ. ಅದನ್ನು ಮನೆಗೆ ತಂದವಳು ನಾನೇ.

ನಮ್ಮೂರು ಟಿಕೋಟಾ ಕಡೆಯದು. ಸುತ್ತಲೂ ದ್ರಾಕ್ಷಿ ಪಡ, ಒಣದ್ರಾಕ್ಷಿ ಶೆಡ್ಡು. ನಮಗೆ ಮಾತ್ರ ದ್ರಾಕ್ಷಿ ಇಲ್ಲ. ಮೂರು ಎಕರೆ ಎರೆಹೊಲದಲ್ಲಿ ತೊಗರಿ, ಹಿಂಗಾರಿಗೆ ಬಿಳಿಜೋಳ. ದನದ ಮನೆಯಲ್ಲಿ ಎರಡು ಆಕಳು, ಒಂದು ಎಮ್ಮೆ. ಹಾಲು ಊರಿನ ಸಂಘಕ್ಕೆ ಹೋಗುತ್ತದೆ, ಅಲ್ಲಿಂದ ವಿಜಯಪುರ–ಬಾಗಲಕೋಟೆ ಹಾಲು ಒಕ್ಕೂಟಕ್ಕೆ, ಅಲ್ಲಿಂದ ನಂದಿನಿ ಪ್ಯಾಕೆಟ್ಟಾಗಿ ನಮ್ಮ ಕಾಲೇಜಿನ ಕ್ಯಾಂಟೀನಿಗೂ ಬರಬಹುದು. ನಾನು ಬಿಇ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು ಹೋಗುತ್ತೇನೆ. ಪಾಸಿನ ದುಡ್ಡು, ಪರೀಕ್ಷಾ ಶುಲ್ಕ, ಜೆರಾಕ್ಸ್, ಎಲ್ಲವೂ ಸಂಘದ ಹಾಲಿನ ಬಟವಾಡೆಯಿಂದಲೇ. ಅದರಲ್ಲಿ ಹೆಚ್ಚಿನ ಪಾಲು ಗೌರಿಯದು. ಗೌರಿ ಎಚ್‌ಎಫ್ ಮಿಶ್ರತಳಿ, ಎರಡನೆಯ ಸೂಲು, ಎರಡು ಹೊತ್ತಿಗೆ 12 ಲೀಟರ್.

ಕಳೆದ ವರ್ಷ ಆಗಸ್ಟ್‌ನಲ್ಲಿ ಒಂದು ವಾರ ಬಿಡದೆ ಮಳೆ ಹಿಡಿದಿತ್ತು. ಎರೆಮಣ್ಣು ಗೊತ್ತಲ್ಲ, ಒಮ್ಮೆ ಹಸಿಯಾದರೆ ಕಾಲು ಬಿಡುವುದಿಲ್ಲ. ದನದ ಮನೆಯ ನೆಲವೆಲ್ಲ ರಾಡಿ. ಅಂಥ ಒಂದು ದಿನ ನಾನು ಕಾಲೇಜು ಮುಗಿಸಿ ಗಾಂಧಿ ಚೌಕದಲ್ಲಿ ನಿಂತಿದ್ದಾಗ ಅಪ್ಪನ ಫೋನು ಬಂತು.

‘ಗೌರಿ ಹಿಂದಿನ ಎಡಮಲಿ ಬಾತೈತಿ. ಹಾಲಾಗ ಹರಳ ಹರಳ ಬರಾಕತ್ತಾವು. ಚೌಕದಾಗ ದನದ ಔಷಧ ಅಂಗಡಿ ಐತೆಲ್ಲಾ, ಕೇಳಿ ಏನರೆ ತಗೊಂಡ ಬಾ.’

ಅಂಗಡಿಯವರು ಒಳ್ಳೆಯವರೇ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ‘ಮೈಯಾಗ ಅಯೋಡಿನ್ ಕಡಿಮಿ ಆದ್ರ ಹಿಂಗ ಆಗ್ತೈತಿ ತಂಗಿ. ದಿನಾ 50 ಗ್ರಾಂ ಹಿಂಡ್ಯಾಗ ಕಲಿಸಿ ಹಾಕ್ರಿ. ಕೆಚ್ಚಲ ಸ್ವಚ್ಛ ಆಗ್ತೈತಿ’ ಎಂದು ಈ ಡಬ್ಬಿ ಕೊಟ್ಟರು. ಡಬ್ಬಿಯ ಮೇಲೂ ಹಾಗೇ ಬರೆದಿತ್ತು. ನನ್ನ ತಲೆಯಲ್ಲೂ ಲೆಕ್ಕ ಕೂಡಿತು. ಬಾವು ಅಂದರೆ ರೋಗಾಣು. ಅಯೋಡಿನ್ ರೋಗಾಣುವನ್ನು ಕೊಲ್ಲುತ್ತದೆ, ಗಾಯಕ್ಕೆ ಹಚ್ಚುವ ಕಂದು ಔಷಧವನ್ನು ಎಲ್ಲರೂ ನೋಡಿದ್ದೇವೆ. ಅಯೋಡಿನ್ ತಿಂದರೆ ಒಳಗಿನ ರೋಗಾಣು ಸಾಯುತ್ತದೆ. ಅಪ್ಪ ಅನುಮಾನದಿಂದಲೇ ಕೇಳಿದ, ‘ಡಾಕ್ಟರ್‌ನ ಕರಸೂನೇನ?’ ‘ಅದರ ಮ್ಯಾಲೆ ಬರದೈತಿ ಅಪ್ಪಾ, ನಾಕ ದಿನ ನೋಡೂಣು’ ಎಂದವಳು ನಾನು. ಮನೆಯಲ್ಲಿ ಇಂಗ್ಲಿಷ್ ಲೇಬಲ್ ಓದಬಲ್ಲವಳು ನಾನೊಬ್ಬಳೇ. ಹಾಗಾಗಿ ನನ್ನ ಮಾತು ನಡೆಯಿತು.

ಐದು ದಿನ ಪುಡಿ ಹಾಕಿದೆವು. ಆರನೆಯ ದಿನ ಆ ಮೊಲೆಯಿಂದ ಹಾಲಿನ ಬದಲು ತಿಳಿನೀರು, ಅದರಲ್ಲಿ ಕೀವಿನ ಎಳೆ. ಗೌರಿ ಮೇವು ಬಿಟ್ಟಳು. ಆಗ ಡಾಕ್ಟರನ್ನು ಕರೆದೆವು. ಅವರು ಕೆಚ್ಚಲು ಮುಟ್ಟಿ ನೋಡಿ, ಗೋದಲಿಯ ಪಕ್ಕದಲ್ಲಿದ್ದ ಡಬ್ಬಿಯನ್ನು ಎತ್ತಿ ಓದಿ, ಏನೂ ಬೈಯಲಿಲ್ಲ. ‘ಮೊದಲನೇ ದಿನಾನ ಹೇಳಿದ್ರ ಮಲಿ ಉಳೀತಿತ್ತೋ ಏನೋ’ ಎಂದರು ಅಷ್ಟೇ. ಇಂಜೆಕ್ಷನ್, ಮೊಲೆಯೊಳಗೆ ಏರಿಸುವ ಟ್ಯೂಬು, ಎಲ್ಲ ನಡೆಯಿತು. ಗೌರಿ ಉಳಿದಳು. ಆ ಮೊಲೆ ಮಾತ್ರ ಬತ್ತಿತು.

ಆ ನಷ್ಟವನ್ನು ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದು ನೋಡಿದೆ. ಆಂಟಿಬಯೋಟಿಕ್ ಕೊಟ್ಟ ದಿನಗಳು ಮತ್ತು ಅದರ ಮೇಲೆ ಡಾಕ್ಟರು ಹೇಳಿದಷ್ಟು ದಿನ, ಒಟ್ಟು 9 ದಿನ ಸಂಘಕ್ಕೆ ಹಾಲು ಹಾಕುವಂತಿರಲಿಲ್ಲ. ದಿನಕ್ಕೆ 12 ಲೀಟರಿನಂತೆ 108 ಲೀಟರ್, ನಮಗೆ ಸಿಗುತ್ತಿದ್ದ 33 ರೂಪಾಯಿ ದರದಲ್ಲಿ 3,564. ಹೊರಗಿನಿಂದ ತಂದ ಔಷಧ 2,800. ಒಂದು ಮೊಲೆ ಹೋದದ್ದರಿಂದ ದಿನಕ್ಕೆ ಎರಡೂವರೆ ಲೀಟರ್ ಕಡಿಮೆ, 200 ದಿನಕ್ಕೆ 500 ಲೀಟರ್, ಅಂದರೆ 16,500. ಡಬ್ಬಿಯ 480 ಸೇರಿಸಿದರೆ 23 ಸಾವಿರ ದಾಟುತ್ತದೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ಇದಕ್ಕೆ ಸೇರಿಸಿಲ್ಲ. ಈ ಲೆಕ್ಕವನ್ನು ನಾನು ಅಪ್ಪನಿಗೆ ತೋರಿಸಿಲ್ಲ. ಅವನಿಗೆ ಬಾಯಿಲೆಕ್ಕದಲ್ಲೇ ಗೊತ್ತಿದೆ.

ಆಮೇಲೆ ನಾನು ಮಾಡಬೇಕಾಗಿದ್ದ ಕೆಲಸವನ್ನು ತಡವಾಗಿ ಮಾಡಿದೆ. ಓದಿದೆ, ಡಾಕ್ಟರನ್ನು ಎರಡು ಸಲ ಕಂಡು ಕೇಳಿದೆ. ನನ್ನ ತಪ್ಪು ಎಲ್ಲಿತ್ತೆಂದರೆ, ಅಯೋಡಿನ್ ಎಂಬ ಒಂದೇ ಹೆಸರು ಎರಡು ಬೇರೆ ಕೆಲಸಗಳನ್ನು ಮಾಡುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಒಳಗಿನ ಕೆಲಸ ಮೊದಲು. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕುರ್ಟ್ವಾ ಸಮುದ್ರಪಾಚಿಯ ಬೂದಿಯಿಂದ ನೇರಳೆ ಹೊಗೆ ಎಬ್ಬಿಸಿ ಪತ್ತೆ ಮಾಡಿದ ಮೂಲವಸ್ತು ಇದು. ಮನುಷ್ಯನಿರಲಿ, ಆಕಳಿರಲಿ, ಅಯೋಡಿನ್ ಬೇಕಾಗುವುದು ಮುಖ್ಯವಾಗಿ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಗೆ. ಅದು ತಯಾರಿಸುವ ಹಾರ್ಮೋನಿನ ಒಂದೊಂದು ಕಣದಲ್ಲಿ ನಾಲ್ಕು ಅಥವಾ ಮೂರು ಅಯೋಡಿನ್ ಪರಮಾಣು ಇರುತ್ತವೆ. ಮೈ ಬಿಸಿ, ಬೆಳವಣಿಗೆ, ಹಾಲಿನ ಇಳುವರಿ, ಬೆದೆಗೆ ಬರುವುದು, ಎಲ್ಲಕ್ಕೂ ಆ ಹಾರ್ಮೋನು ಬೇಕು. ಆಕಳಿಗೆ ಅಯೋಡಿನ್ ಕೊರತೆಯಾದರೆ ಅದರ ಗುರುತು ಮೊದಲು ಕಾಣುವುದು ಕರುವಿನಲ್ಲಿ. ಸತ್ತ ಕರು ಹುಟ್ಟುವುದು, ಹುಟ್ಟಿದ್ದು ನಿತ್ರಾಣವಾಗಿರುವುದು, ಮೈಮೇಲೆ ಕೂದಲು ತೆಳುವಾಗಿರುವುದು, ಕತ್ತು ಗಂಟಾಗಿರುವುದು. ತಾಯಿಗೆ ಮಾಸು ಬೀಳದಿರುವುದು, ಗಬ್ಬ ನಿಲ್ಲದಿರುವುದೂ ಉಂಟು. ಈ ಸಾಲಿನಲ್ಲಿ ಕೆಚ್ಚಲು ಬಾವು ಇಲ್ಲ. ತಿಂದ ಅಯೋಡಿನ್ ಕೆಚ್ಚಲಿಗೂ ಹೋಗುತ್ತದೆ, ನಿಜ. ಆದರೆ ಅಲ್ಲಿ ಅದು ಇರುವುದು ಅಯೋಡೈಡ್ ರೂಪದಲ್ಲಿ, ಉಪ್ಪಿನಲ್ಲಿ ಕ್ಲೋರೈಡ್ ಇದ್ದಂತೆ. ಗಾಯಕ್ಕೆ ಹಚ್ಚುವ ಕಂದು ಔಷಧದಲ್ಲಿ ರೋಗಾಣು ಕೊಲ್ಲುವುದು ಬಿಡಿ ಅಯೋಡಿನ್. ಅಡುಗೆ ಉಪ್ಪು ತಿಂದರೆ ಹೊಟ್ಟೆಯಲ್ಲಿ ಕ್ಲೋರಿನ್ ಅನಿಲ ಹುಟ್ಟಿ ರೋಗಾಣು ಸಾಯುತ್ತವೆ ಎಂದು ನಾವು ಯಾರೂ ನಂಬುವುದಿಲ್ಲವಲ್ಲ! ಪಿಯುಸಿಯಲ್ಲಿ ಹ್ಯಾಲೊಜನ್ ಪಾಠಕ್ಕೆ ಚೆನ್ನಾಗಿ ಅಂಕ ತೆಗೆದವಳಿಗೆ ಇಷ್ಟು ಹೊಳೆಯಲಿಲ್ಲ.

ಇನ್ನು ಲೆಕ್ಕ. ಹಾಲು ಕೊಡುವ ಆಕಳಿಗೆ ತಿನ್ನುವ ಆಹಾರದ ಒಣತೂಕದ ಒಂದು ಕೆ.ಜಿ.ಗೆ ಸುಮಾರು ಅರ್ಧ ಮಿಲಿಗ್ರಾಂ ಅಯೋಡಿನ್ ಸಾಕು. ಗೌರಿ ದಿನಕ್ಕೆ ಕಣಕಿ, ಹಸಿಮೇವು, ಹಿಂಡಿ ಎಲ್ಲ ಸೇರಿ ಒಣತೂಕದಲ್ಲಿ 12 ಕೆ.ಜಿ. ಹತ್ತಿರ ತಿನ್ನುತ್ತಾಳೆ. ಅಂದರೆ ಬೇಕಾದದ್ದು 6 ಮಿ.ಗ್ರಾಂ. ಸಾಸಿವೆಯ ಒಂದು ಕಾಳಿಗಿಂತ ಎಷ್ಟೋ ಹೆಚ್ಚೇನಲ್ಲ. ಗಿಡಗಳಿಗೆ ಬೆಳೆಯಲು ಅಯೋಡಿನ್ ಬೇಕಿಲ್ಲ, ಹಾಗಾಗಿ ಮೇವಿನಲ್ಲಿ ಮಣ್ಣಿನಿಂದ ಬಂದಷ್ಟು ಮಾತ್ರ ಇರುತ್ತದೆ. ಅದನ್ನು ಸೊನ್ನೆ ಎಂದೇ ಇಟ್ಟುಕೊಳ್ಳೋಣ. ನಾವು ಮೊದಲಿನಿಂದಲೂ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಹಾಕುತ್ತಿದ್ದೆವು. ಅದರ ಚೀಲದ ಮೇಲೆ ಅಯೋಡಿನ್ ಶೇ 0.026 ಎಂದಿದೆ. 50 ಗ್ರಾಂನಲ್ಲಿ 13 ಮಿ.ಗ್ರಾಂ. ಬೇಕಾದದ್ದರ ಎರಡರಷ್ಟು ಆಗಲೇ ಹೋಗುತ್ತಿತ್ತು!

ಅವ್ವ ಇಲ್ಲಿ ಒಂದು ಪ್ರಶ್ನೆ ಎತ್ತಿದಳು. ‘ಮತ್ತ ನಾವು ಉಪ್ಪ ಹಾಕ್ತೀವಲ್ಲ, ಅದರಾಗ ಅಯೋಡಿನ್ ಇರಂಗಿಲ್ಲೇನ?’ ಒಳ್ಳೆಯ ಪ್ರಶ್ನೆ. ನಾವು ತಿನ್ನುವ ಉಪ್ಪಿಗೆ ಅಯೋಡಿನ್ ಸೇರಿಸುವ ಕಥೆ ದೊಡ್ಡದು. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು 1956ರಲ್ಲಿ ಶುರು ಮಾಡಿದ ಪ್ರಯೋಗದಿಂದ ಗಳಗಂಡ ಇಳಿಯುತ್ತದೆ ಎಂದು ತಿಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಈಗ ಮನುಷ್ಯರು ತಿನ್ನುವ ಉಪ್ಪು ನಮ್ಮ ಕೈಗೆ ಬರುವ ಹೊತ್ತಿಗೆ ಕೆ.ಜಿ.ಗೆ ಕನಿಷ್ಠ 15 ಮಿ.ಗ್ರಾಂ ಅಯೋಡಿನ್ ಇರಬೇಕು. ಆದರೆ ದನಕ್ಕೆಂದು ಮಾರುವ ಹರಳುಪ್ಪಿಗೆ ಆ ಕಡ್ಡಾಯ ಇಲ್ಲ. ನಮ್ಮ ಉಪ್ಪನ್ನೇ ಹಾಕಿದರೂ ದಿನಕ್ಕೆ 30 ಗ್ರಾಂನಲ್ಲಿ ಸಿಗುವುದು ಅರ್ಧ ಮಿ.ಗ್ರಾಂಗಿಂತ ಕಡಿಮೆ. ಆಕಳಿಗೆ ಉಪ್ಪು ಬೇಕು, ಆದರೆ ಅಯೋಡಿನ್ ಸಿಗುವ ದಾರಿ ಅದಲ್ಲ. ಖನಿಜ ಮಿಶ್ರಣ ಹಾಕದ ಮನೆಗಳ ದನಗಳಿಗೆ ಅಯೋಡಿನ್ ನಿಜಕ್ಕೂ ಕಡಿಮೆ ಬೀಳಬಹುದು. ನಮ್ಮ ಓಣಿಯಲ್ಲೇ ಅಂಥ ಮನೆಗಳು ಹೆಚ್ಚು.

ಜೋಳದ ಸೀಮೆಯವರಾದ ನಮಗೆ ಇನ್ನೊಂದು ಸಂಗತಿ ಇದೆ. ಎಳೆಯ ಜೋಳ, ಮಳೆ ಕೈಕೊಟ್ಟು ಬಾಡಿದ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ, ಇವನ್ನು ದನ ಮೇಯ್ದರೆ ಹೊಟ್ಟೆಯುಬ್ಬಿ ಒದ್ದಾಡಿ ಸಾಯುತ್ತದೆ ಎಂದು ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಅದಕ್ಕೆ ಕಾರಣ ಜೋಳದ ಎಲೆಯಲ್ಲಿರುವ ಧುರಿನ್ ಎಂಬ ವಸ್ತು. ಅಗಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಸಾಯುವಷ್ಟು ತಿನ್ನದೆ ಸ್ವಲ್ಪ ಸ್ವಲ್ಪ ತಿಂದರೆ ದನದ ಪಿತ್ತಜನಕಾಂಗ ಆ ವಿಷವನ್ನು ಥಯೊಸಯನೇಟ್ ಎಂಬ ಸೌಮ್ಯ ವಸ್ತುವಾಗಿ ಬದಲಿಸುತ್ತದೆ. ದನ ಬದುಕುತ್ತದೆ, ಆದರೆ ಈ ಥಯೊಸಯನೇಟ್ ಥೈರಾಯ್ಡ್ ಗ್ರಂಥಿಯೊಳಕ್ಕೆ ಅಯೋಡಿನ್ ಹೋಗುವ ಬಾಗಿಲಲ್ಲೇ ಅಡ್ಡ ನಿಲ್ಲುತ್ತದೆ. ಕೆಚ್ಚಲಿನಲ್ಲೂ ಅದೇ ಥರದ ಬಾಗಿಲಿದೆ, ಅಲ್ಲೂ ಅಡ್ಡಿ. ಸಾಸಿವೆ ಹಿಂಡಿ, ಕೋಸಿನ ಎಲೆ ಹೆಚ್ಚು ತಿನ್ನಿಸಿದಾಗಲೂ ಇಂಥದ್ದೇ ಆಗುತ್ತದೆ. ಆಗ ಅಯೋಡಿನ್ ಎರಡು ಪಟ್ಟು ಬೇಕು ಎನ್ನುತ್ತಾರೆ, ಅಂದರೆ ಗೌರಿಗೆ 12 ಮಿ.ಗ್ರಾಂ. ಖನಿಜ ಮಿಶ್ರಣದ 13ರಲ್ಲಿ ಅದೂ ಮುಗಿಯಿತು. ಚೆನ್ನಾಗಿ ಒಣಗಿದ ಕಣಕಿಯಲ್ಲಿ ಈ ವಿಷ ಬಹುಪಾಲು ಹೋಗಿರುತ್ತದೆ ಎನ್ನುವುದು ನಮ್ಮ ಪುಣ್ಯ.

ಈಗ ಡಬ್ಬಿಯ ಲೆಕ್ಕ ಕೇಳಿ. ಅದರ 50 ಗ್ರಾಂನಲ್ಲಿ 40 ಮಿ.ಗ್ರಾಂ ಅಯೋಡಿನ್ ಎಂದು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದೆ. 13 ಸೇರಿ 53. ಹನ್ನೆರಡರಿಂದ ಭಾಗಿಸಿದರೆ ಕೆ.ಜಿ.ಗೆ 4.4 ಮಿ.ಗ್ರಾಂ. ಯುರೋಪ್ ಒಕ್ಕೂಟ 2005ರಲ್ಲಿ ಹಾಲಿನ ದನಗಳ ಆಹಾರದಲ್ಲಿ ಅಯೋಡಿನ್ ಮಿತಿಯನ್ನು ಕೆ.ಜಿ.ಗೆ 10ರಿಂದ 5 ಮಿ.ಗ್ರಾಂಗೆ ಇಳಿಸಿತು. 2013ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ 2ಕ್ಕೆ ಇಳಿಸಿರಿ ಎಂದು ಸಲಹೆ ಕೊಟ್ಟಿತು. ಇದಕ್ಕೆ ಕಾರಣ ಹಾಲು ಕುಡಿಯುವ ಮಕ್ಕಳು. ಆಕಳು ತಿಂದ ಅಯೋಡಿನ್‌ನಲ್ಲಿ ಒಂದು ಪಾಲು ಹಾಲಿಗೆ ಬರುತ್ತದೆ, ಹೆಚ್ಚು ತಿಂದಷ್ಟೂ ಹೆಚ್ಚು ಬರುತ್ತದೆ. ನಮ್ಮ ದಿನದ ಅಗತ್ಯ 150 ಮೈಕ್ರೊಗ್ರಾಂ ಮಾತ್ರ. ನಮ್ಮ ಥೈರಾಯ್ಡಿಗೆ ಕೊರತೆಯೂ ಆಗದು, ಅತಿಯೂ ಆಗದು. ಅಂದರೆ ಗೌರಿಗೆ ಬೇಡದ್ದನ್ನು ಹಾಕಿ ಅದನ್ನು ಯಾರದೋ ಮಗುವಿನ ಲೋಟಕ್ಕೆ ಕಳಿಸುವ ಹಾದಿಯಲ್ಲಿ ನಾನಿದ್ದೆ. ಐದೇ ದಿನ ಎಂಬುದು ಸಮಾಧಾನ.

ಹಾಲಿಗೆ ಅಯೋಡಿನ್ ಸೇರುವುದು ಕೆಟ್ಟದ್ದೇ ಎಂದೂ ಅಲ್ಲ. ಬ್ರಿಟನ್‌ನಲ್ಲಿ ಕಳೆದ ಶತಮಾನದಲ್ಲಿ ಗಳಗಂಡ ಮಾಯವಾದದ್ದು ಉಪ್ಪಿನಿಂದಲ್ಲ, ದನದ ಆಹಾರಕ್ಕೆ ಅಯೋಡಿನ್ ಸೇರಿಸಿದ್ದರಿಂದ ಮತ್ತು ಜನ ಹೆಚ್ಚು ಹಾಲು ಕುಡಿದದ್ದರಿಂದ. ಯಾರೂ ಹಾಗೆ ಯೋಜನೆ ಹಾಕಿರಲಿಲ್ಲ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಇನ್ನೂ ಸೋಜಿಗ. ಅಲ್ಲಿ 1960ರ ದಶಕದಿಂದ ಡೇರಿಗಳು ಪಾತ್ರೆ, ಯಂತ್ರ, ಮೊಲೆ ತೊಳೆಯಲು ಅಯೋಡಿನ್ ದ್ರಾವಣ ಬಳಸುತ್ತಿದ್ದವು. ಅದರ ಶೇಷ ಹಾಲಿಗೆ ಸೇರಿ ಜನರಿಗೆ ಸಾಕಷ್ಟು ಅಯೋಡಿನ್ ಸಿಗುತ್ತಿತ್ತು. ಆಮೇಲೆ ಡೇರಿಗಳು ಕ್ಲೋರಿನ್‌ಗೆ ಬದಲಾದವು, ಜನರಲ್ಲಿ ಕೊರತೆ ಮತ್ತೆ ತಲೆ ಎತ್ತಿತು. ಕೊನೆಗೆ 2009ರಲ್ಲಿ ಆಸ್ಟ್ರೇಲಿಯಾ ಬ್ರೆಡ್ಡಿಗೆ ಅಯೋಡಿನ್ ಉಪ್ಪನ್ನು ಕಡ್ಡಾಯ ಮಾಡಿತು.

ಇಲ್ಲಿಗೆ ಎರಡನೆಯ ಅಯೋಡಿನ್ ಬಂತು, ಹೊರಗೆ ಹಚ್ಚುವುದು. ಕೆಚ್ಚಲಿಗೆ ನಿಜವಾಗಿ ಕೆಲಸ ಮಾಡುವುದು ಇದೇ.

ಕೆಚ್ಚಲು ಬಾವಿನ ರೋಗಾಣುಗಳು ಹೆಚ್ಚಾಗಿ ಬರುವುದು ಹೊರಗಿನಿಂದ, ಮೊಲೆಯ ತುದಿಯ ಸಣ್ಣ ತೂತಿನಿಂದ. ಕೆಲವು ರಾಡಿ ಮತ್ತು ಸಗಣಿಯಲ್ಲಿರುತ್ತವೆ, ಕೆಲವು ಒಂದು ಆಕಳಿನಿಂದ ಇನ್ನೊಂದಕ್ಕೆ ಹಿಂಡುವವರ ಕೈಯಿಂದಲೇ ದಾಟುತ್ತವೆ. ಹಾಲು ಹಿಂಡುವಾಗ ಆ ತೂತು ಸಡಿಲಾಗಿ ತೆರೆದುಕೊಳ್ಳುತ್ತದೆ. ಹಿಂಡಿದ ಕೂಡಲೇ ಮುಚ್ಚುವುದಿಲ್ಲ, ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವು ಸಲ ಅದಕ್ಕೂ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಆಕಳು ರಾಡಿಯಲ್ಲಿ ಮಲಗಿತೋ, ರೋಗಾಣುಗಳಿಗೆ ಬಾಗಿಲು ತೆರೆದಿಟ್ಟಂತೆ. ನಮ್ಮಲ್ಲಿ ಆದದ್ದು ಇದೇ. ಆ ಮಳೆಯಲ್ಲಿ ಅವ್ವ ಬೇಗ ಬೇಗ ಹಿಂಡಿ ಮುಗಿಸುತ್ತಿದ್ದಳು, ಗೌರಿ ಮೇವು ಆಗಲೇ ತಿಂದು ಮುಗಿಸಿರುತ್ತಿದ್ದರಿಂದ ಅಲ್ಲೇ ಕುಸಿದು ಮಲಗುತ್ತಿದ್ದಳು.

ಇದಕ್ಕೆ ಉಪಾಯ 1960ರ ದಶಕದಲ್ಲೇ ಇಂಗ್ಲೆಂಡಿನ ರೆಡಿಂಗ್ ಬಳಿಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ಗಟ್ಟಿಯಾಯಿತು. ಹಿಂಡಿದ ಕೂಡಲೇ ನಾಲ್ಕೂ ಮೊಲೆಗಳನ್ನು ಒಂದು ಬಟ್ಟಲಿನ ರೋಗಾಣುನಾಶಕ ದ್ರಾವಣದಲ್ಲಿ ಅದ್ದುವುದು. ಇಷ್ಟರಿಂದಲೇ ಹೊಸ ಸೋಂಕು ಸುಮಾರು ಅರ್ಧಕ್ಕೆ ಇಳಿಯುತ್ತದೆ. ದ್ರಾವಣದಲ್ಲಿ ಅಯೋಡಿನ್ ಶೇ 0.5 ಇದ್ದರೆ ಸಾಕು. ಮನುಷ್ಯರ ಔಷಧ ಅಂಗಡಿಯಲ್ಲಿ ಸಿಗುವ ಪೊವಿಡೋನ್ ಅಯೋಡಿನ್ ಶೇ 5ರ ಬಾಟಲಿಯಲ್ಲಿ ಕೆಲಸಕ್ಕೆ ಬರುವ ಅಯೋಡಿನ್ ಅದರ ಹತ್ತನೇ ಒಂದು ಪಾಲು, ಅಂದರೆ ಸರಿಯಾಗಿ ಶೇ 0.5! ನಾನು ಗಾಂಧಿ ಚೌಕದಲ್ಲಿ ಆ ದಿನ ನಿಂತಿದ್ದ ಜಾಗದಿಂದ ಅಂಥ ಔಷಧ ಅಂಗಡಿಗಳು ಕಣ್ಣಳತೆಯಲ್ಲೇ ಮೂರು ಇದ್ದವು. ಒಂದು ಎಚ್ಚರ: ಬಾವು ಬಂದಾದ ಮೇಲೆ ಇದು ಔಷಧವಲ್ಲ, ಬರದಂತೆ ತಡೆಯುವುದಷ್ಟೇ ಇದರ ಕೆಲಸ. ಆ ಬಾಟಲಿ ತಂದಿದ್ದರೂ ಆ ಹೊತ್ತಿಗೆ ಗೌರಿಗೆ ಬೇಕಾಗಿದ್ದವರು ಡಾಕ್ಟರೇ.

ಈಗ ನಮ್ಮ ಮನೆಯ ಪದ್ಧತಿ ಹೀಗಿದೆ. ಹಿಂಡುವ ಮೊದಲು ಮೊಲೆ ತೊಳೆದು ಒಣಬಟ್ಟೆಯಿಂದ ಒರೆಸುವುದು, ಒಂದು ಆಕಳಿಗೆ ಒಂದು ಬಟ್ಟೆ. ಹಿಂದಿನ ಹೊತ್ತಿನ ಅಯೋಡಿನ್ ಹಾಲಿಗೆ ಸೇರಬಾರದೆಂದರೆ ಇದನ್ನು ತಪ್ಪಿಸುವಂತಿಲ್ಲ. ಮೊದಲ ಎರಡು ಎಳೆ ಹಾಲನ್ನು ಕರಿಬಟ್ಟೆ ಕಟ್ಟಿದ ಚರಿಗೆಗೆ ಹಿಂಡಿ ನೋಡುವುದು, ಹರಳಿದ್ದರೆ ಕರಿಯ ಮೇಲೆ ಕಾಣುತ್ತದೆ. ಹೆಬ್ಬೆರಳು ಮಡಚಿ ಎಳೆಯುವ ಅಭ್ಯಾಸ ಬಿಡಿಸಲು ಅವ್ವನ ಜೊತೆ ಒಂದು ತಿಂಗಳು ಜಗಳವಾಡಿದೆ. ಹಾಗೆ ಎಳೆದರೆ ಮೊಲೆಯ ಒಳಪದರಕ್ಕೆ ಪೆಟ್ಟು, ಮುಷ್ಟಿ ಹಿಡಿದು ಒತ್ತಿ ಹಿಂಡಬೇಕು. ‘ನಲವತ್ತ ವರ್ಷ ಹಿಂಡೀನಿ, ನೀ ಮೊಬೈಲ್ ನೋಡಿ ಕಲಸಾಕಿ ಬಂದಿ’ ಎನ್ನುತ್ತಲೇ ಬದಲಾದಳು. ಹಿಂಡಿದ ಮೇಲೆ ಅದ್ದುವುದು. ಬಟ್ಟಲಿಗೆ ಹಳೆಯ ಪ್ಲಾಸ್ಟಿಕ್ ಚಹಾ ಕಪ್ಪು. ಚಳಿಗಾಲದಲ್ಲಿ ಮೊಲೆ ಒಡೆಯದಂತೆ ಸ್ವಲ್ಪ ಗ್ಲಿಸರಿನ್ ಬೆರೆಸುತ್ತೇವೆ. ಉಳಿದ ದ್ರಾವಣವನ್ನು ಬಾಟಲಿಗೆ ಮರಳಿ ಸುರಿಯುವುದಿಲ್ಲ, ಚೆಲ್ಲುತ್ತೇವೆ. ಅದ್ದಿದ ಮೇಲೆ ಗೋದಲಿಗೆ ಕಣಕಿ. ಮೇವನ್ನು ಹಿಂಡುವ ಮೊದಲು ಹಾಕದೆ ಆಮೇಲೆ ಹಾಕಿದರೆ ಆಕಳು ನಿಂತೇ ತಿನ್ನುತ್ತದೆ, ಅಷ್ಟರಲ್ಲಿ ಮೊಲೆಯ ಬಾಗಿಲು ಮುಚ್ಚಿರುತ್ತದೆ. ಇಡೀ ಪದ್ಧತಿಯಲ್ಲಿ ನನಗೆ ಬಹಳ ಇಷ್ಟವಾದದ್ದು ಇದು, ಯಾಕೆಂದರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಹಾಗಾದರೆ ತಿನ್ನಿಸುವುದರಿಂದ ಕೆಚ್ಚಲಿಗೆ ಏನೂ ಉಪಯೋಗವಿಲ್ಲವೇ ಎಂದು ಡಾಕ್ಟರನ್ನು ಕೇಳಿದೆ. ‘ಐತಿ. ಆದ್ರ ಅದು ಅಯೋಡಿನ್ ಅಲ್ಲ’ ಎಂದರು. 1980ರ ದಶಕದಲ್ಲಿ ಅಮೆರಿಕದ ಓಹಾಯೊದಲ್ಲಿ ನಡೆದ ಅಧ್ಯಯನಗಳಲ್ಲಿ ವಿಟಮಿನ್ ಇ ಮತ್ತು ಸೆಲೆನಿಯಂ ಸಾಕಷ್ಟು ಸಿಕ್ಕ ಆಕಳುಗಳಲ್ಲಿ ಬಾವು ಬೇಗ ವಾಸಿಯಾದದ್ದು ಕಂಡಿತು. ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗಿ ಕೊಲ್ಲಲು ಇವೆರಡೂ ಬೇಕು. ವಿಟಮಿನ್ ಇ ಹಸಿಮೇವಿನಲ್ಲಿ ಧಾರಾಳ, ಒಣಗಿದ ಕಣಕಿಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಬೇಸಿಗೆಯಲ್ಲಿ ಬರೀ ಕಣಕಿಯ ಮೇಲೆ ದನ ಸಾಕುವ ನಮ್ಮಂಥವರು ಪುಡಿ ಡಬ್ಬಿಗಿಂತ ಮೊದಲು ಯೋಚಿಸಬೇಕಾದದ್ದು ಒಂದು ಮಡಿ ಹಸಿರಿನ ಬಗ್ಗೆ. ಬಬಲೇಶ್ವರ, ಟಿಕೋಟಾ ಕಡೆ ಏತ ನೀರಾವರಿಯ ನೀರು ಕೆರೆಗೆ ಬಂದ ಮೇಲೆ ಬಾವಿಯಲ್ಲಿ ನೀರು ನಿಂತವರಿಗೆ ಅದು ಸಾಧ್ಯ. ನಾವು ಬದುವಿನ ಗುಂಟ ನೇಪಿಯರ್ ಹುಲ್ಲು ಹಚ್ಚಿದ್ದೇವೆ. ಸೆಲೆನಿಯಂ ಮಾತ್ರ ಮನಸ್ಸಿಗೆ ಬಂದಷ್ಟು ಹಾಕುವ ವಸ್ತುವಲ್ಲ, ಹೆಚ್ಚಾದರೆ ಅದೇ ವಿಷ.

ಈ ಕಥೆಯಲ್ಲಿ ಅಜ್ಜಿಯ ಪಾತ್ರವೊಂದಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಬಾವು ಕಾಣುವ ಎಂಟು ದಿನ ಮೊದಲೇ ಅಜ್ಜಿ ಚಹಾ ಕುಡಿದು ‘ಗೌರಿ ಹಾಲ ಉಪ್ಪ ಉಪ್ಪ ಹತ್ತತಾವಲ್ಲ’ ಎಂದಿದ್ದಳು. ಎಲ್ಲರೂ ನಕ್ಕೆವು. ಆಕೆ ಹೇಳಿದ್ದು ಅಕ್ಷರಶಃ ಸರಿ. ಕೆಚ್ಚಲಿನೊಳಗೆ ಸೋಂಕಾದಾಗ ಹಾಲು ತಯಾರಿಸುವ ಕೋಶಗಳ ನಡುವಿನ ಬಿಗಿ ಸಡಿಲಾಗಿ ರಕ್ತದ ಸೋಡಿಯಂ ಮತ್ತು ಕ್ಲೋರೈಡ್ ಹಾಲಿಗೆ ಸೋರುತ್ತವೆ, ಹಾಲಿನ ಸಕ್ಕರೆ ಇಳಿಯುತ್ತದೆ. ಹಾಲು ಉಪ್ಪಾಗುವುದು ಅದಕ್ಕೇ. ಹೊರಗೆ ಬಾವಿಲ್ಲ, ಹರಳಿಲ್ಲ, ಒಳಗೆ ಮಾತ್ರ ಸೋಂಕು. ಇದನ್ನು ಗುಪ್ತ ಕೆಚ್ಚಲು ಬಾವು ಎನ್ನುತ್ತಾರೆ. ಇಳುವರಿಗೆ ಹೆಚ್ಚು ಹೊಡೆತ ಕೊಡುವುದು ಇದೇ, ಯಾಕೆಂದರೆ ಕಣ್ಣಿಗೆ ಕಾಣದು.

ಉಪ್ಪು ಹೆಚ್ಚಾದರೆ ಹಾಲಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯಬೇಕಲ್ಲ! ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನ ಆಹ್ವಾನ ಬೇಕೇ? ನಮ್ಮ ಮಿನಿ ಪ್ರಾಜೆಕ್ಟ್‌ಗೆ ಮೂವರು ಗೆಳತಿಯರು ಸೇರಿ ಇದನ್ನೇ ಆರಿಸಿದೆವು. ಎರಡು ಸ್ಟೀಲ್ ಕಡ್ಡಿ, ಒಂದು ಆರ್ಡುಯಿನೊ ಬೋರ್ಡು, ಒಂದು ತಾಪಮಾನ ಸಂವೇದಕ. ಮೊದಲು ನೇರ ವಿದ್ಯುತ್ ಕೊಟ್ಟು ಕೈಸುಟ್ಟುಕೊಂಡೆವು. ಕಡ್ಡಿಗಳ ಮೇಲೆ ಗುಳ್ಳೆ ಕಟ್ಟಿ ಅಳತೆ ಓಡುತ್ತಲೇ ಇತ್ತು. ಪರ್ಯಾಯ ವಿದ್ಯುತ್ ಕೊಟ್ಟ ಮೇಲೆ ನಿಂತಿತು. ಹಾಲು ಒಂದು ಡಿಗ್ರಿ ಬಿಸಿಯಾದರೆ ವಾಹಕತೆ ಸುಮಾರು ಶೇ 2 ಏರುತ್ತದೆ, ಅದನ್ನೂ ಕಳೆಯಬೇಕು. ಆರೋಗ್ಯವಂತ ಹಾಲು ಸಾಮಾನ್ಯವಾಗಿ ಸೆಂಟಿಮೀಟರಿಗೆ 4ರಿಂದ 5.5 ಮಿಲಿಸೀಮೆನ್ಸ್. ಆದರೆ ಒಂದು ಆಕಳಿನಿಂದ ಇನ್ನೊಂದಕ್ಕೆ ವ್ಯತ್ಯಾಸ ಇರುವುದರಿಂದ ಒಂದೇ ಆಕಳಿನ ನಾಲ್ಕು ಮೊಲೆಗಳನ್ನು ಪರಸ್ಪರ ಹೋಲಿಸುವುದೇ ಮೇಲು. ಒಂದು ಮೊಲೆ ಮಾತ್ರ ಉಳಿದವಕ್ಕಿಂತ ಏರಿದ್ದರೆ ಅನುಮಾನ ಪಡಬೇಕು. ಇದು ನಮ್ಮ ಶೋಧವೇನಲ್ಲ. ದೊಡ್ಡ ಡೇರಿಗಳ ಹಿಂಡುವ ಯಂತ್ರಗಳಲ್ಲಿ ಇಂಥ ಸಂವೇದಕ ಯಾವತ್ತೋ ಬಂದಿದೆ. ಮೂರು ದನದ ಮನೆಗೆ ಕಡಿಮೆ ದುಡ್ಡಿನಲ್ಲಿ ಆಗುತ್ತದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಸರ್ಕ್ಯೂಟ್ ಇಲ್ಲದವರಿಗೆ ಬಟ್ಟೆ ತೊಳೆಯುವ ಪುಡಿ ಇದೆ. 1957ರಲ್ಲಿ ಕ್ಯಾಲಿಫೋರ್ನಿಯಾದ ಶಾಮ್ ಮತ್ತು ನೂರ್ಲ್ಯಾಂಡರ್ ಒಂದು ಪರೀಕ್ಷೆ ಕಂಡುಹಿಡಿದರು. ಮಾರ್ಜಕದ ದ್ರಾವಣಕ್ಕೆ ಅಷ್ಟೇ ಹಾಲು ಬೆರೆಸಿ ಅಲ್ಲಾಡಿಸಿದರೆ, ಸೋಂಕಿದ್ದ ಹಾಲಿನ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ಲೋಳೆಯಂತೆ ಗಟ್ಟಿಯಾಗುತ್ತದೆ. ಪಾಕಿಸ್ತಾನದ ಫೈಸಲಾಬಾದಿನ ಪಶುವೈದ್ಯರು ಇದನ್ನೇ ಮನೆಯ ಬಟ್ಟೆ ಪುಡಿಯ ಶೇ 3ರ ದ್ರಾವಣದಿಂದ ಮಾಡಿ ತೋರಿಸಿದ್ದಾರೆ. ಒಂದು ಲೀಟರ್ ನೀರಿಗೆ 30 ಗ್ರಾಂ ಪುಡಿ. ಅವ್ವನಿಗೆ ನಮ್ಮ ಪ್ರಾಜೆಕ್ಟ್‌ಗಿಂತ ಇದರ ಮೇಲೆ ನಂಬಿಕೆ ಹೆಚ್ಚು. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಬೇಕು ಎಂದು ಬೇರೆ ಹೇಳಬೇಕಿಲ್ಲ.

ಅಂಗಡಿಗೆ ಮತ್ತೆ ಹೋಗಿದ್ದೆ, ಜಗಳಕ್ಕಲ್ಲ. ಡಬ್ಬಿ ತೋರಿಸಿ ಲೆಕ್ಕ ಹೇಳಿದೆ. ಅವರು ಗಲ್ಲದ ಮೇಲೆ ಕೈಯಿಟ್ಟು ಕೇಳಿದರು. ‘ನಮಗೂ ಕಂಪನಿಯವ್ರು ಹಿಂಗ ಹೇಳಿ ಹೋಗ್ತಾರ ತಂಗಿ. ಮಂದಿ ಬಂದು ಅಯೋಡಿನ್ ಐತೇನ ಅಂತ ಅವ್ರ ಕೇಳ್ತಾರ’ ಎಂದರು. ದುಡ್ಡು ವಾಪಸ್ ಕೇಳಲಿಲ್ಲ, ಅವರೂ ಕೊಡಲಿಲ್ಲ. ಆದರೆ ಮೊಲೆ ಅದ್ದುವ ದ್ರಾವಣ ತರಿಸುವಿರಾ ಎಂದು ಕೇಳಿದ್ದಕ್ಕೆ ಬರೆದುಕೊಂಡರು. ಮುಂದಿನ ತಿಂಗಳು ನೋಡಿದರೆ ಕಪಾಟಿನಲ್ಲಿ ಎರಡು ಕ್ಯಾನು ಇದ್ದವು. ಪುಡಿ ಡಬ್ಬಿಗಳೂ ಇದ್ದವು, ಅವುಗಳ ಸಾಲು ಏನೂ ಕಡಿಮೆಯಾಗಿರಲಿಲ್ಲ.

ಮೊನ್ನೆ ಸಂಜೆ ಗೌರಿಯ ಉಳಿದ ಮೂರು ಮೊಲೆಗಳ ಹಾಲು ಅಳೆದೆ. 4.8, 4.9, ಮುಂದಿನ ಬಲದ್ದು 5.7. ಮೂರು ಸಲ ಅಳೆದರೂ ಅದೇ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಕರಿಬಟ್ಟೆಯ ಮೇಲೂ ಹರಳಿಲ್ಲ. ಅವ್ವ ಬಟ್ಟೆ ಪುಡಿಯ ನೀರು ತಂದಳು, ತಟ್ಟೆಯಲ್ಲಿ ಆ ಮೊಲೆಯ ಹಾಲು ಮಾತ್ರ ಸ್ವಲ್ಪ ಲೋಳೆಯಾಯಿತು. ಅಜ್ಜಿಗೆ ರುಚಿ ನೋಡು ಎನ್ನಲು ಧೈರ್ಯ ಬರಲಿಲ್ಲ. ಅಪ್ಪ ಈ ಸಲ ನನ್ನನ್ನು ಏನೂ ಕೇಳದೆ 1962ಕ್ಕೆ ಫೋನು ಹಚ್ಚಿದ, ಪಶು ಆಂಬುಲೆನ್ಸಿನ ಆ ಸಂಖ್ಯೆಯನ್ನು ದನದ ಮನೆಯ ಕಂಬಕ್ಕೆ ಸುಣ್ಣದಲ್ಲಿ ಬರೆದಿಟ್ಟಿದ್ದಾನೆ. ನಾಳೆ ಬೆಳಿಗ್ಗೆ ಬರುತ್ತೇವೆ ಎಂದರು. ಬೆಳಿಗ್ಗೆ ನನಗೆ ಇಂಟರ್ನಲ್ ಪರೀಕ್ಷೆ ಇತ್ತು. ಬಸ್ಸು ಹತ್ತುವಾಗ ಅಳತೆಯ ಚೀಟಿಯನ್ನು ಅವ್ವನ ಕೈಗೆ ಕೊಟ್ಟು, ಡಾಕ್ಟರಿಗೆ ತೋರಿಸು ಎಂದು ಹೇಳಿ ಬಂದೆ.